ನಾದಿನಿಯೂ ಅವಳ ವೈರಸ್ಸೂ

ನನ್ನ ನಾದಿನಿ ತುಂಬ ಒಳ್ಳೆಯವಳು. ಅವಳ ಎದುರು ಸೀನಬಾರದು, ಅಷ್ಟೇ. ಬೇರೆಯವರಾದರೆ "ನೂರ್ಕಾಲ ಬಾಳು" ಎನ್ನುತ್ತಾರೆ, ಇವಳು "ಎಷ್ಟು ದಿನದಿಂದ?" ಎಂದು ಪೆನ್ನು ತೆಗೆಯುತ್ತಾಳೆ.

ಕೊರೊನಾ ವೈರಸ್ಸು ನಮ್ಮ ರೋಗನಿರೋಧಕ ಶಕ್ತಿಯ ಕಣ್ಣು ತಪ್ಪಿಸುವುದು ಹೇಗೆಂದು ಪತ್ತೆ ಹಚ್ಚಿ, ಅದಕ್ಕೊಂದು ಔಷಧಿ ಹುಡುಕುವುದು ಅವಳ ಕೆಲಸ. ಗುಬ್ಬಿಯ ನಮ್ಮ ಮನೆಗೆ ರಜೆಗೆ ಬಂದರೂ ಬಾಯಲ್ಲಿ ಅದೇ.

"ಕೊರೊನಾ ಹೋಗಿ ಎಷ್ಟು ವರ್ಷ ಆಯ್ತಲ್ಲೇ, ಬುಡು ಅತ್ಲಾಗೆ" ಎಂದು ಅತ್ತೆ ಗೊಣಗಿದರೆ, "ಹೋಗಿಲ್ಲ ಕಣಮ್ಮ, ವೇಷ ಬದಲಾಯಿಸ್ಕೊಂಡು ಇಲ್ಲೇ ಓಡಾಡ್ತೈತೆ" ಎಂದು ಪಕ್ಕದ ಮನೆಯವರ ಚಾಡಿ ಹೇಳುವಂತೆ ಪಿಸುಗುಟ್ಟುತ್ತಾಳೆ.

ಒಮ್ಮೆ ಕುಣಿಗಲ್ಲಿನಿಂದ ಗಂಡಿನವರು ಅವಳನ್ನು ನೋಡಲು ಬಂದರು. ಹುಡುಗನ ತಂದೆ ಅಂತರಸನಹಳ್ಳಿಯ ಕಾರ್ಖಾನೆಯೊಂದರಲ್ಲಿ ಸೆಕ್ಯುರಿಟಿ ನೋಡಿಕೊಳ್ಳುತ್ತಿದ್ದವರು. "ನಿನ್ ಕೆಲ್ಸ ಏನಮ್ಮ?" ಎಂದು ಮರ್ಯಾದೆಗೆ ಕೇಳಿದರು, ಪಾಪ.

"ನಿಮ್ ಥರದ್ದೇ ಸಾರ್. ಜೀವಕೋಶ ಅಂದ್ರೆ ಒಂದು ಫ್ಯಾಕ್ಟ್ರಿ. ಕಳ್ಳ ನುಗ್ಗಿದ್ರೆ ಸೈರನ್ ಆಗ್ಬೇಕು. ಈ ವೈರಸ್ಸು ಒಳಗೆ ಬಂದಿದ್ದೇ ಸೈರನ್ ವೈರು ಕತ್ತರಿಸ್ಬಿಡುತ್ತೆ."

ಅವರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. "ಹಂಗಾದ್ರೆ ಮೊದ್ಲು ಅವ್ನ ಕತ್ರಿ ಕಿತ್ಕೋಬೇಕು ಕಣಮ್ಮ."

"ಅದೇ ಸಾರ್ ನಾನು ಹುಡುಕ್ತಿರೋ ಔಷಧಿ."

ಉಪ್ಪಿಟ್ಟು ಆರಿತು. ಎರಡು ಸಲ ಕಾಫಿಯಾಯಿತು. ಹುಡುಗ ಹುಡುಗಿ ತಮ್ಮಲ್ಲಿ ಒಂದೇ ಒಂದು ಮಾತೂ ಆಡಲಿಲ್ಲ. ಸಂಬಂಧವೇನೋ ಕೂಡಲಿಲ್ಲ; ಆ ತಂದೆ ಮಾತ್ರ ಈಗಲೂ ಫೋನು ಮಾಡಿ, "ಕತ್ರಿ ಕಿತ್ಕೊಂಡ್ಯೇನಮ್ಮ?" ಎಂದು ವಿಚಾರಿಸುತ್ತಾರೆ.

ಕಿತ್ತುಕೊಳ್ಳುವಂಥ ರಾಸಾಯನಿಕವೊಂದು ಸಿಕ್ಕಿಯೂ ಇತ್ತು. ಅದರ ಮೇಲೆ ನಾಲ್ಕು ವರ್ಷ ದುಡಿದಳು. ಗಾಜಿನ ತಟ್ಟೆಯ ಜೀವಕೋಶಗಳಲ್ಲಿ ಗೆದ್ದದ್ದು ಇಲಿಗಳಲ್ಲಿ ಸೋತುಹೋಯಿತು. ಆ ವಾರ ತುಮಕೂರಿನ ಬಸ್ಸಿನಿಂದ ಇಳಿದವಳನ್ನು ಕಂಡು, ಇನ್ನೇನು ಅಳುತ್ತಾಳೆ ಅಂದುಕೊಂಡೆ. ಅವಳು ಎರಡು ಮುದ್ದೆ ಉಂಡು ಲ್ಯಾಪ್‌ಟಾಪ್ ತೆರೆದಳು.

"ಸೋತಿದ್ದನ್ನೇ ಬರೆದು ಪ್ರಕಟಿಸ್ತೀನಿ ಅತ್ತಿಗೆ. ಇನ್ಯಾರೋ ಇದೇ ದಾರೀಲಿ ನಾಲ್ಕು ವರ್ಷ ಹಾಳ್ಮಾಡ್ಕೋಬಾರ್ದು."

ನಾನು ಪಾಠ ಮಾಡುವ ಶಾಲೆಯಲ್ಲಿ ಫೇಲಾದ ಮಾರ್ಕ್ಸ್‌ಕಾರ್ಡನ್ನು ಯಾರೂ ಮನೆಗೇ ತೋರಿಸುವುದಿಲ್ಲ. ಇವಳು ಪ್ರಪಂಚಕ್ಕೆಲ್ಲ ತೋರಿಸಲು ಹೊರಟಿದ್ದಳು! ಮಾರನೆಯ ದಿನ ಸ್ಟಾಫ್‌ರೂಮಿನಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಹೇಳಿದೆ. ನಮ್ಮವಳು ಗೆದ್ದಿದ್ದರೂ ಅಷ್ಟು ಜಂಬದಿಂದ ಹೇಳುತ್ತಿದ್ದೆನೋ ಇಲ್ಲವೋ.

ಬರೆದು ಮುಗಿಸಿ, ಮುಂದೆ ಪರೀಕ್ಷಿಸಬೇಕಾದ ಹೊಸ ರಾಸಾಯನಿಕಗಳ ಪಟ್ಟಿ ಹಿಡಿದು ಲ್ಯಾಬಿಗೆ ಹೊರಟಳು. ಹೊರಡುವ ಮುಂಚೆ ನನ್ನತ್ತ ಬೆನ್ನು ಹಾಕಿ ಕುಳಿತು, "ಜಡೆ ಹಾಕಿ ಅತ್ತಿಗೆ" ಎಂದಳು. ಬಾಚುವಾಗ ಮೂರು ಬಿಳಿಕೂದಲು ಕಂಡವು. ಒಳಗೆ ಸೇರಿಸಿ ಹೆಣೆದೆ. ಜಡೆ ಮುಗಿಯುತ್ತ ಬಂದಾಗ ಅವಳ ಭುಜ ಸಣ್ಣಗೆ ಅಲುಗುತ್ತಿತ್ತು.

"ಯಾಕೋ ಸೊಟ್ಟಗಾಯ್ತು ಕಣೇ" ಎಂದು, ನೆಟ್ಟಗಿದ್ದ ಜಡೆಯನ್ನು ಬಿಚ್ಚಿ, ನಿಧಾನವಾಗಿ ಮೊದಲಿನಿಂದ ಹೆಣೆಯತೊಡಗಿದೆ.