ಗರಟೆ ಚಾದಿಂದ ಗುಣವಾದ ಗಾಯ

ಕುಮಟಾ, ಹೊನ್ನಾವರ ಮತ್ತು ಭಟ್ಕಳ ತಾಲೂಕುಗಳಲ್ಲಿ ಜಾತಿಯ ಕಾರಣದಿಂದ ಅವಮಾನಕ್ಕೊಳಗಾದವರು ಒಬ್ಬರೂ ಇಲ್ಲವೆಂಬುದು ಸಮೀಕ್ಷೆಯೊಂದರಿಂದ ಸಾಬೀತಾಗಿತ್ತು. ಸಮೀಕ್ಷೆಯವರು ಅವಮಾನ ಮಾಡಿರಬಹುದಾದ ಮನೆಗಳಿಗೆಲ್ಲ ಖುದ್ದಾಗಿ ಹೋಗಿ, ಕೊಟ್ಟ ಪಾನಕ ಕುಡಿದು, ವಿಚಾರಿಸಿ ಬಂದಿದ್ದರು. ಯಾರೂ ಮಾಡಿರಲಿಲ್ಲ. ಆದ್ದರಿಂದ, ಹಾಗೆ ಅವಮಾನಗೊಂಡವರ ಮನಸ್ಸನ್ನು ವಾಸಿಮಾಡುವ 'ಸಂಸ್ಕೃತಿ ಸಂವೇದಿ ಮನೋಗಾಯ ಶಮನ ಕೇಂದ್ರ' ಹೊನ್ನಾವರದಲ್ಲಿ ಬಾಗಿಲು ತೆರೆದಾಗ ಯಾರಿಂದಲೂ ಆಕ್ಷೇಪಣೆ ಬರಲಿಲ್ಲ.

ಕೇಂದ್ರಕ್ಕೆ ಎಲ್ಲವೂ ಇತ್ತು. ಸಂಯೋಜನಾಧಿಕಾರಿ ರಮಾನಂದ ಇದ್ದರು. ಓದಿ ಬಂದ ಆಪ್ತಸಲಹೆಗಾರ್ತಿ ಚಂದನಾ ಇದ್ದಳು. ಕಣ್ಣೊರೆಸಿಕೊಳ್ಳಲು ಟೆಂಡರು ಕರೆದು ಕೊಂಡ ಕರವಸ್ತ್ರಗಳಿದ್ದವು. ಗಾಯಾಳು ಮಾತ್ರ ಇರಲಿಲ್ಲ. ಮಾರ್ಚ್ ಒಳಗೆ ಒಬ್ಬರನ್ನಾದರೂ ಗುಣಪಡಿಸದಿದ್ದರೆ ಕೇಂದ್ರ ಮುಚ್ಚುತ್ತದೆಂದು ಮೇಲಿನಿಂದ ಪತ್ರ ಬಂದ ಮೇಲೆ ರಮಾನಂದರಿಗೆ ಊಟ ರುಚಿಸದಾಯಿತು.

ಇತ್ತ ಧಾರೇಶ್ವರದ ಹೆದ್ದಾರಿ ಬದಿಯಲ್ಲಿ ಸಿಹಿ ಈರುಳ್ಳಿ ಗೊಂಚಲು ಮಾರುವ ನಾಗುವಿಗೆ ತನಗೊಂದು ಗಾಯವಾಗಿದೆಯೆಂಬುದು ಗೊತ್ತೇ ಇರಲಿಲ್ಲ. ಹೊಟ್ಟೆಯೊಳಗೆ ಒಂದು ಕಿಚ್ಚು ಇತ್ತು, ಅಷ್ಟೆ. ಅದಕ್ಕೆ ಅವಳು ಪಿತ್ತವೆಂದು ಕಷಾಯ ಕುಡಿಯುತ್ತಿದ್ದಳು.

ಸಂಗತಿ ಬಹಳ ಸಣ್ಣದು. ನಾಗು ಊರಾಚೆಯ ಕೇರಿಯವಳು. ಅವಳ ಮಗ್ಗುಲಲ್ಲೇ ಕೂತು ಅಬ್ಬಲಿಗೆ ಹೂವಿನ ದಂಡೆ ಮಾರುವ ಮೂಕಾಂಬಿಕಾ ಊರೊಳಗಿನವಳು. ಬೆಳಗಿನಿಂದ ಇಬ್ಬರದೂ ಒಂದೇ ಗೋಣಿ, ಒಂದೇ ಎಲೆಯಡಿಕೆ ಕವಳದ ಚೀಲ, ಮುಗಿಯದ ಪಟ್ಟಾಂಗ. ಹತ್ತು ಗಂಟೆಗೆ ಚಾ ಕುಡಿಯಲು ಎದುರಿನ ವಿಶ್ವನಾಥನ ಹೋಟೆಲಿಗೆ ಒಟ್ಟಿಗೇ ಹೋಗುತ್ತಿದ್ದರು. ಬಾಗಿಲವರೆಗೆ ಒಟ್ಟಿಗೆ. ಅಲ್ಲಿಂದ ಮೂಕಾಂಬಿಕಾ ಒಳಗೆ, ನಾಗು ಕಿಟಕಿಯ ಹೊರಗೆ.

ವಿಶ್ವನಾಥ ನಾಗುವಿಗೆ ಒಂದು ಗಡುಸು ಮಾತು ಆಡಿದವನಲ್ಲ. ಅವಳು ಹೊಸ್ತಿಲ ಮೇಲೆ ಕಾಲಿಡುವ ಮೊದಲೇ ಕಾಗದದ ಕಪ್ಪಿನಲ್ಲಿ ಚಾ ತಂದು ಕಿಟಕಿಯಲ್ಲಿ ಇಟ್ಟುಬಿಡುತ್ತಿದ್ದ. ಇಷ್ಟು ಚುರುಕಾದ ಸೇವೆ ಒಳಗೆ ಕೂತವರಿಗೂ ಸಿಗುತ್ತಿರಲಿಲ್ಲ.

ತೊಂದರೆಯೆಂದರೆ ಮೂಕಾಂಬಿಕಾ ಶುರುಮಾಡಿದ ಸುದ್ದಿ ಬಾಗಿಲಲ್ಲಿ ತುಂಡಾಗುತ್ತಿತ್ತು. ಉಳಿದದ್ದನ್ನು ಅವಳು ಒಳಗಿನ ಮೇಜಿನವರಿಗೆ ಹೇಳಿ ಮುಗಿಸಿ ಬರುತ್ತಿದ್ದಳು. ಹೀಗಾಗಿ ಲೋಕದ ಸುದ್ದಿಯಲ್ಲಿ ನಾಗುವಿನ ಪಾಲಿಗೆ ಬಂದದ್ದು ಮೊದಲರ್ಧ ಮಾತ್ರ. ತೆಂಗಿನಗುಂಡಿಯಲ್ಲಿ ದೋಣಿ ಮಗುಚಿದ್ದು ಅವಳಿಗೆ ಗೊತ್ತು, ಜನ ದಡ ಸೇರಿದರೋ ಇಲ್ಲವೋ ಗೊತ್ತಿಲ್ಲ. ಬೆಳಕೆ ಊರಿನಿಂದ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದದ್ದು ಗೊತ್ತು, ಒಪ್ಪಿದರೋ ಗೊತ್ತಿಲ್ಲ.

"ಮುಂದೆ ಎಂತಾತು ಮೂಕಾಂಬಕ್ಕ?" ಎಂದು ಆಮೇಲೆ ಕೇಳಿದರೆ, "ಆಗ್ಲೇ ಒಳಗೆ ಹೇಳ್ದೆ ಅಲ್ಲ! ಹೇಳಿದ್ದೇ ಹೇಳುಕೆ ನಾ ಎಂತ ರೇಡಿಯೋವಾ?" ಎನ್ನುತ್ತಿದ್ದಳು.

ಒಂದು ದಿನ ಚಂದನಾ ಈರುಳ್ಳಿ ಕೊಳ್ಳಲು ಸ್ಕೂಟರ್ ನಿಲ್ಲಿಸಿದಳು. ಒಳ್ಳೆಯ ಹುಡುಗಿ, ಚೌಕಾಸಿ ಮಾಡಲಿಲ್ಲ. ಮಾತಿಗೆ ಮಾತು ಬಂದು ನಾಗು ಕಿಟಕಿಯ ಸಂಗತಿ ಹೇಳಿದಳು. ಚಂದನಾಳ ಕಣ್ಣು ತುಂಬಿ ಬಂತು.

"ಅಮ್ಮಾ, ಇದು ಗಾಯ" ಎಂದಳು.

"ಹೌದನಾ? ನಾ ಪಿತ್ತ ಅಂತ ಮಾಡಿದ್ದೆ."

"ನಿಮಗೆ ಏನಾಗಬೇಕು ಹೇಳಿ."

"ಎಂತ ಬೇಡ್ರಾ. ಮೂಕಾಂಬಕ್ಕನ ಎದುರಿಗೆ ಕೂತ್ಕಂಡು ಚಾ ಕುಡೀಬೇಕು. ಒಂದು ಸುದ್ದಿ ಪೂರಾ ಕೇಳ್ಬೇಕು. ಅಷ್ಟೇಯ."

ಚಂದನಾ ನಾಗುವನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡೇ ಕೇಂದ್ರಕ್ಕೆ ಬಂದಳು. ರಮಾನಂದರು ಎದ್ದು ನಿಂತು, ಇಂಥ ಅಚ್ಚುಕಟ್ಟಾದ ಗಾಯ ಈ ಭಾಗದಲ್ಲಿ ಸಿಗುವುದು ಅಪರೂಪವೆಂದು ಅಭಿನಂದಿಸಿದರು. ಅಂಗೈ ಹುಣ್ಣಿಗೆ ಕನ್ನಡಿ ಬೇಡವೆಂದು ಗಾದೆ ಉಂಟು. ಆದರೆ ಕೇಂದ್ರದ ನಿಯಮಾವಳಿಯಲ್ಲಿ ಕನ್ನಡಿ ಕಡ್ಡಾಯವಾಗಿತ್ತು. ಅವಮಾನವನ್ನು ದೃಢೀಕರಿಸಲು ಸಾಕ್ಷಿಯ ಸಹಿ ಬೇಕು, ಸಾಕ್ಷಿಯು ಅವಮಾನ ಮಾಡಿದ ವ್ಯಕ್ತಿಯೇ ಆಗಿದ್ದಲ್ಲಿ ಉತ್ತಮ.

ವಿಶ್ವನಾಥ ಹೋಟೆಲು ಬಿಟ್ಟು ಬಂದು ಸಹಿ ಹಾಕಿದ. ಉಪಕಾರ ಮಾಡುವುದರಲ್ಲಿ ಅವನು ಎಂದೂ ಹಿಂದೆ ಬಿದ್ದವನಲ್ಲ. "ನಮ್ಮ ನಾಗುವಿಗೆ ಅನುಕೂಲ ಆಗ್ತದೆ ಅಂದ್ರೆ ಆಗ್ಲಿ ಸಾರ್. ಹೌದು, ನಾನೇ ಹೊರಗೆ ಕೊಡೂದು. ನಮ್ಮಪ್ಪನೂ ಹೊರಗೇ ಕೊಡ್ತಿದ್ರು. ಅದನ್ನೂ ಬರ್ಕಳಿ ಬೇಕಾದ್ರೆ" ಎಂದ.

"ಇಷ್ಟು ಒಪ್ಪಿಕೊಂಡ ಮೇಲೆ, ಅವಳನ್ನು ಒಳಗೆ ಕೂರಿಸಿ ಅಂತ ಇವರಿಗೇ ಹೇಳಿಬಿಡೋಣ ಸಾರ್. ಇವತ್ತೇ ಗುಣ ಆಗ್ತದೆ" ಎಂದಳು ಚಂದನಾ.

ರಮಾನಂದರು ಗಾಬರಿಯಾದರು. ನಿಯಮಾವಳಿ ತೆಗೆದು ಓದಿದರು: "ಕೇಂದ್ರವು ಗಾಯವನ್ನು ಮಾತ್ರ ವಾಸಿಮಾಡತಕ್ಕದ್ದು. ಗಾಯ ಮಾಡುತ್ತಿರುವ ವಸ್ತುವನ್ನು ತೆಗೆಯುವುದು ಬೇರೆ ಇಲಾಖೆಯ ಬಾಬತ್ತಾಗಿರುತ್ತದೆ." ಆ ಬೇರೆ ಇಲಾಖೆ ಯಾವುದೆಂದು ಚಂದನಾ ಕೇಳಿದ್ದಕ್ಕೆ, ಅದು ಇನ್ನೂ ಸ್ಥಾಪನೆಯಾಗಿಲ್ಲವೆಂದು ತಿಳಿಸಿದರು.

ಚಿಕಿತ್ಸೆ ಆರಂಭವಾಯಿತು. ಕೇಂದ್ರದಲ್ಲಿದ್ದ ಮಂಚ ನಾಗುವಿನ ಸಂಸ್ಕೃತಿಗೆ ಹೊಂದುವುದಿಲ್ಲವೆಂದು ಅದನ್ನು ರಮಾನಂದರ ಮನೆಗೆ ಸಾಗಿಸಿ, ನಾಗುವಿಗೆ ನೆಲದ ಮೇಲೆ ಚಾಪೆ ಹಾಕಲಾಯಿತು. ನೋವನ್ನು ಹಾಡಿನಲ್ಲಿ ಹೊರಹಾಕಬೇಕೆಂದು ಸೂಚಿಸಲಾಯಿತು.

"ನಟ್ಟಿ ಹಾಡು ಅದೆ, ಮದ್ವಿ ಹಾಡು ಅದೆ" ಎಂದಳು ನಾಗು. "ಚಾ ಹಾಡು ಇಲ್ರಾ."

ಹಾಡಿಲ್ಲದ ನೋವಿಗೆ ತಜ್ಞರ ಅಭಿಪ್ರಾಯ ಪಡೆಯಬೇಕೆಂದು ನಿಯಮವಿತ್ತು. ಪರಂಪರಾ ತಜ್ಞ ಡಾಕ್ಟರ್ ನಾಗಭೂಷಣ ಪ್ರಯಾಣಭತ್ಯೆ ಸಮೇತ ಬಂದರು. ಅವರು ಚಾಪೆಯ ಪಕ್ಕ ಕುರ್ಚಿ ಹಾಕಿಸಿಕೊಂಡು, "ತಾಯೀ, ನಿಮ್ಮ ಅಜ್ಜಿ ಚಹಾವನ್ನು ಹೇಗೆ ಸ್ವೀಕರಿಸುತ್ತಿದ್ದರು?" ಎಂದು ಕೇಳಿದರು.

"ಗರಟೆಯಲ್ಲಿ ಸಾಯೇಬ್ರೇ. ತೆಂಗಿನಕಾಯಿ ಚಿಪ್ಪು. ಮನಿಂದ್ಲೇ ತಕಂಡು ಹೋಗ್ಬೇಕು."

"ಆಹಾ! ಹೇಗೆ ಬಡಿಸುತ್ತಿದ್ದರು?"

"ಮೇಲಿಂದ ಹೊಯ್ತಿದ್ರು. ತಾಗಬಾರ್ದಲ್ಲ. ಬಿಸಿ ಬಿಸಿ ಕೈಮೇಲೆ ಬೀಳ್ತಿತ್ತು. ಅಜ್ಜಿ ಕೈಲಿ ಕಲೆ ಇತ್ತು, ಸಾಯೂವರಿಗೂ."

ನಾಗಭೂಷಣರು ಕನ್ನಡಕ ತೆಗೆದು ಒರೆಸಿಕೊಂಡರು. ಎತ್ತರದಿಂದ ಸುರಿಯುವ ಈ ಕಲೆ ನಶಿಸುತ್ತಿದೆಯೆಂದು ವಿಷಾದಿಸಿದರು. ಅವರ ವರದಿ ಮರುದಿನವೇ ಬಂತು. ನಾಗುವಿನ ನೋವಿಗೆ ಕಾರಣ ಹೊರಗೆ ನಿಲ್ಲುವುದಲ್ಲ, ಕಾಗದದ ಕಪ್ಪು. ಅದು ಪರಕೀಯ ವಸ್ತು. ಪೂರ್ವಿಕರ ಗರಟೆಯಿಂದ ದೂರವಾದದ್ದೇ ಅವಳ ಗಾಯದ ಮೂಲ.

ನಾಗುವಿಗೆ ಇದನ್ನು ಓದಿ ಹೇಳಿದಾಗ ಅವಳಿಗೆ ಸಿಟ್ಟು ನೆತ್ತಿಗೇರಿತು. "ಗರಟೆ ಬಿಡ್ಸೂಕೆ ನಮ್ಮಪ್ಪ ಪೆಟ್ಟು ತಿಂದಿದ್ದ, ಗೊತ್ತದ್ಯಾ?" ಎಂದಳು. ರಮಾನಂದರು ಸಂತೋಷಪಟ್ಟರು. ಸಿಟ್ಟು ಬಂದರೆ ಮದ್ದು ನಾಟುತ್ತಿದೆಯೆಂದೇ ಅರ್ಥವೆಂದು ಮಾರ್ಗಸೂಚಿಯಲ್ಲಿತ್ತು.

ಆದೇಶ ಹೊರಟಿತು.

"ಧಾರೇಶ್ವರದ ಸದರಿ ಹೋಟೆಲಿನ ಹೊರಭಾಗದಲ್ಲಿ ಫಲಾನುಭವಿಯ ಸಂಸ್ಕೃತಿಗೆ ಅನುಗುಣವಾಗಿ ಕಟ್ಟೆಯೊಂದನ್ನು ಕಟ್ಟಿ, ಮೇಲೆ ಸೋಗೆ ಹೊದಿಸಿ, ಚಹಾವನ್ನು ಗರಟೆಯಲ್ಲಿ, ಒಂದು ಮೊಳಕ್ಕೆ ಕಡಿಮೆಯಿಲ್ಲದ ಎತ್ತರದಿಂದ ಸುರಿಯತಕ್ಕದ್ದು. ಸುರಿಯುವಾತನು ನಗುಮುಖದಿಂದಿರತಕ್ಕದ್ದು. ಗರಟೆಯ ವೆಚ್ಚವನ್ನು ಕೇಂದ್ರವು ಭರಿಸುವುದು."

ಉದ್ಘಾಟನೆಯ ದಿನ ಗಣ್ಯರೆಲ್ಲ ಒಳಗೆ ಕೂತು ಗಾಜಿನ ಲೋಟದಲ್ಲಿ ಚಾ ಕುಡಿದರು. ನಾಗು ಕಟ್ಟೆಯ ಮೇಲೆ ಒಬ್ಬಳೇ ಗರಟೆ ಹಿಡಿದು ಕೂತಳು. ವಿಶ್ವನಾಥ ನಗುನಗುತ್ತ ಮೇಲಿನಿಂದ ಹೊಯ್ದ. ಎಲ್ಲರೂ ಚಪ್ಪಾಳೆ ತಟ್ಟಿದರು. ಚಂದನಾ ಒಬ್ಬಳು ತಟ್ಟಲಿಲ್ಲ, ಅವಳು ಗೋಡೆ ನೋಡುತ್ತಿದ್ದಳು.

ಆ ಹೊತ್ತಿಗೆ ಸರಿಯಾಗಿ ಗೋವೆಗೆ ಹೊರಟ ಕಾರೊಂದು ನಿಂತು, ಅದರೊಳಗಿನವರು ಇಳಿದು, "ಅಯ್ಯೋ ಎಷ್ಟು ಚೆಂದ!" ಎಂದು ಫೋಟೋ ತೆಗೆದರು. ತಮಗೂ ಗರಟೆಯಲ್ಲೇ ಬೇಕೆಂದರು. ಅವರ ಫೋಟೋ ನೋಡಿ ಮರುವಾರ ಇನ್ನಷ್ಟು ಕಾರು ಬಂದವು. ವಿಶ್ವನಾಥ ಗರಟೆ ಚಾಕ್ಕೆ ಲೋಟದ ಚಾದ ಐದು ಪಟ್ಟು ದರ ಇಟ್ಟ. ದರ ಏರಿದ ಮೇಲೆ ಊರವರಿಗೂ ಅದರ ರುಚಿ ತಿಳಿಯಿತು. ಮೊದಲು ಗುತ್ತಿಗೆದಾರರು ಹೊರಗೆ ಬಂದರು, ಆಮೇಲೆ ಮಾಸ್ತರರು. ಗರಟೆ ಮುಟ್ಟಿದರೆ ಸ್ನಾನ ಮಾಡುತ್ತಿದ್ದ ಮನೆಯವರು ಈಗ, ನಮ್ಮ ಗರಟೆ ನುಣ್ಣಗಿಲ್ಲವೆಂದು ಜಗಳ ತೆಗೆದರು. ಹೋಟೆಲಿನೊಳಗೆ ಕೂತು ಲೋಟದಲ್ಲಿ ಕುಡಿಯುವವರೆಂದರೆ ಎಂಥ ಜನವೋ ಏನೋ ಎಂಬ ಮಾತು ಊರಲ್ಲಿ ಹುಟ್ಟಿತು. ಮೂಕಾಂಬಿಕಾಗೂ ಮಾನ ಮರ್ಯಾದೆ ಇದೆ. ಅವಳೂ ಕಟ್ಟೆಗೆ ಬಂದಳು.

ಅವಳು ಬಂದದ್ದು ನೋಡಿ ನಾಗುವಿಗೆ ಜೀವ ಬಂದಂತಾಯಿತು. ಗರಟೆಯಾದರೂ ಆಗಲಿ, ಎದುರಾಬದುರು ಕೂರಬಹುದಲ್ಲ! ಲಗುಬಗೆಯಿಂದ ಈರುಳ್ಳಿಗೆ ಗೋಣಿ ಮುಚ್ಚಿ ಓಡಿ ಬಂದಳು. ಕಟ್ಟೆಯ ಹತ್ತಿರ ವಿಶ್ವನಾಥ ಅಡ್ಡ ನಿಂತ. ಎಂದಿನ ಹಾಗೆ ವಿನಯದಿಂದಲೇ.

"ನಾಗು, ಇಲ್ಲಿ ದೊಡ್ಡೋರು ಕೂತಾರೆ. ನೀ ಒಳಗೆ ಹೋಗು."

"ಎಲ್ಲಿಗೆ ವಡೇರೆ?"

"ಒಳಗೆ ಅಂದೆ. ಕುರ್ಚಿ ಮೇಲೆ ಕೂತ್ಕ. ಲೋಟದಲ್ಲಿ ಕೊಡ್ತೆ."

ನಾಗು ಮೊದಲ ಸಲ ಆ ಹೊಸ್ತಿಲು ದಾಟಿದಳು. ಒಳಗೆ ಫ್ಯಾನು ತಿರುಗುತ್ತಿತ್ತು. ಕುರ್ಚಿಯ ತುದಿಯಲ್ಲಿ ಕೂತಳು, ಆಮೇಲೆ ಧೈರ್ಯ ಮಾಡಿ ಪೂರಾ ಕೂತಳು. ಮೇಜಿನ ಮೇಲೆ ಕೈ ಆಡಿಸಿದಳು. ಲೋಟ ಬಂತು. ಅದರ ಬಿಸಿ ಅಂಗೈಗೆ ತಾಗಿದಾಗ ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಅಪ್ಪ ಇದ್ದಿದ್ದರೆ ತೋರಿಸಬಹುದಿತ್ತು ಎಂದು ಅನಿಸಿತು.

ಚಾ ಅರ್ಧವಾದಾಗ ಸುತ್ತ ನೋಡಿದಳು. ಎಲ್ಲ ಕುರ್ಚಿಗಳೂ ಖಾಲಿ. ಕಿಟಕಿಯಾಚೆ ಮೂಕಾಂಬಿಕಾ ಸಣ್ಣ ದನಿಯಲ್ಲಿ ಏನೋ ಹೇಳುತ್ತಿದ್ದಳು, ಕಟ್ಟೆಯವರು ಬಾಯಿ ತೆರೆದು ಕೇಳುತ್ತಿದ್ದರು.

ನಾಗು ಲೋಟ ಹಿಡಿದುಕೊಂಡು ಬಾಗಿಲಿಗೆ ಬಂದಳು. ವಿಶ್ವನಾಥ ಹಲಗೆ ತೋರಿಸಿದ: 'ಗಾಜಿನ ಲೋಟವನ್ನು ಕಟ್ಟೆಗೆ ತರಬಾರದು. ಪರಂಪರೆಗೆ ಧಕ್ಕೆಯಾಗುತ್ತದೆ.'

"ನಂಗೆ ಎಂತ ಭೇದ ಇಲ್ಲ ನಾಗು" ಎಂದ. "ಆದ್ರೆ ಗಿರಾಕಿ ಮನಸ್ಸು ನೋಡ್ಬೇಕಲ್ಲ."

ಮಾರ್ಚ್ ಕೊನೆಯ ವಾರ ರಮಾನಂದರು ಚಂದನಾಳೊಂದಿಗೆ ತಪಾಸಣೆಗೆ ಬಂದರು. ಫಲಾನುಭವಿ ಕುರ್ಚಿಯಲ್ಲಿ ಕೂತು, ಲೋಟದಲ್ಲಿ, ಫ್ಯಾನಿನ ಕೆಳಗೆ ಚಾ ಕುಡಿಯುತ್ತಿದ್ದಳು. ಹೊಸ್ತಿಲಲ್ಲೇ ನಿಂತು ಇದನ್ನು ನೋಡಿದ ರಮಾನಂದರಿಗೆ ಕಣ್ತುಂಬಿತು. ಸಂಪೂರ್ಣ ಗುಣಮುಖವೆಂದು ಅಲ್ಲೇ ಘೋಷಿಸಿದರು. ಕಟ್ಟೆಯವರು ಗರಟೆ ಕೆಳಗಿಟ್ಟು ಚಪ್ಪಾಳೆ ಹೊಡೆದರು.

ಚಂದನಾ ಒಳಗೆ ಬಂದು ನಾಗುವಿನ ಪಕ್ಕ ಕೂತಳು. "ಈಗ ಹೇಗನಿಸ್ತದೆ ಅಮ್ಮಾ?"

"ಎಂತ ಹೇಳೂದು ಮಗಾ. ನಾ ಹೊರಗಿದ್ದಾಗ ಎಲ್ರೂ ಒಳಗಿದ್ರು. ನಾ ಒಳಗೆ ಬಂದೆ, ಎಲ್ರೂ ಹೊರಗೆ ಹೋದ್ರು. ನಾ ಕೂತಲ್ಲೇ ಎಂತಕ್ಕೆ ಖಾಲಿ ಆಗ್ತದೆ? ನಿಮ್ಮ ಓದಿನಲ್ಲಿ ಎಂತಾರೂ ಬರ್ದಿದ್ಯಾ?"

ಇದನ್ನು ಕೇಳಿ ರಮಾನಂದರ ಮುಖ ಅರಳಿತು. "ಇದು ಹಳೆಯ ಗಾಯವಲ್ಲ!" ಎಂದರು. "ಅದು ವಾಸಿಯಾಗಿದೆ. ಇದು ಹೊಸದು. ಹೊಸದಕ್ಕೆ ಹೊಸ ಅರ್ಜಿ. ಕೇಂದ್ರ ಇನ್ನೂ ಮೂರು ವರ್ಷ ನಡೆಯಬಹುದು. ಸಾಕ್ಷಿ ಯಾರು?"

ಅವಮಾನ ಮಾಡಿದವರೇ ಆದರೆ ಉತ್ತಮವೆಂಬ ನಿಯಮ ಹಾಗೇ ಇತ್ತು. ವಿಷಯ ತಿಳಿದು ಕಟ್ಟೆಯ ಮೇಲಿದ್ದವರೆಲ್ಲ ಎದ್ದು ಸಾಲು ನಿಂತರು. ಪಾಪದ ಹೆಂಗಸು, ಒಂದು ಸಹಿಯಿಂದ ಅವಳಿಗೆ ಒಳ್ಳೆಯದಾಗುವುದಾದರೆ ಯಾರು ಬೇಡವೆನ್ನುತ್ತಾರೆ? ಎಲ್ಲರಿಗಿಂತ ಮುಂದೆ ಮೂಕಾಂಬಿಕಾ ನಿಂತಿದ್ದಳು.

ಬರೆಯಲು ಮೇಜು ಬೇಕಾದ್ದರಿಂದ ಅವಳು ಒಳಗೆ ಬಂದು ನಾಗುವಿನ ಎದುರಿನ ಕುರ್ಚಿಯಲ್ಲೇ ಕೂತಳು. "ನಿಂಗೋಸ್ಕರ ಇಷ್ಟೂ ಮಾಡ್ದೆ ಇರ್ತೆನಾ ನಾಗು?" ಎನ್ನುತ್ತ ಅಕ್ಷರ ಕೂಡಿಸಿ ಸಹಿ ಮಾಡತೊಡಗಿದಳು.

ನಾಗು ಮೇಜಿನ ಮೇಲೆ ಬಾಗಿದಳು. "ಮೂಕಾಂಬಕ್ಕ, ಅಷ್ಟರೊಳಗೆ ಹೇಳಿಬಿಡೇ. ಬೆಳಗ್ಗೆ ಅರ್ಧಕ್ಕೆ ಬಿಟ್ಟ ಸುದ್ದಿ ಎಂತಾತು?"

"ಆಮೇಲೆ ಹೇಳ್ತೆ ಮಾರಾಯ್ತಿ, ಹೊರಗೆ ಗರಟೆ ಚಾ ತಣೀತದೆ" ಎಂದು ಮೂಕಾಂಬಿಕಾ ಕೊನೆಯ ಅಕ್ಷರ ಬರೆದು ಎದ್ದಳು. ಸಾಲಿನಲ್ಲಿದ್ದ ಮುಂದಿನವರು, ಆ ಕುರ್ಚಿಯಲ್ಲಿ ಕೂರದೆ, ನಿಂತೇ ಸಹಿ ಹಾಕಿ ಹೊರಗೆ ಹೋದರು.