ಮೂರು ಗೆರೆಯ ಆಕಾಶ

ಬೋಳು ಆಕಾಶಕ್ಕೆ ಕ್ಯಾಮೆರಾ ಹಿಡಿದು ನಿಂತವನನ್ನು ನಮ್ಮ ಚಾಮರಾಜನಗರ ಸುಮ್ಮನೆ ಬಿಟ್ಟ ಸಂಜೆ ಒಂದೂ ಇಲ್ಲ. ತೊಂಬತ್ತರ ದಶಕದ ಕೊನೆ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಹಳೆಯ ವಿದ್ಯಾರ್ಥಿಯೊಬ್ಬ ಕಾಲೇಜಿಗೆ ದೂರದರ್ಶಕವನ್ನೂ ಅದಕ್ಕೆ ಸಿಕ್ಕಿಸುವ ಎಲೆಕ್ಟ್ರಾನಿಕ್ ಕ್ಯಾಮೆರಾವನ್ನೂ ಕೊಟ್ಟಿದ್ದ. ನಕ್ಷತ್ರ ಹಿಡಿಯುವ ಮುಂಚೆ 'ಫ್ಲ್ಯಾಟ್' ತೆಗೆಯಬೇಕು. ಅಂದರೆ ದೂರದರ್ಶಕದ ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಮುಸ್ಸಂಜೆಯ ಬರಿ ಬೆಳಕಿನ ಚಿತ್ರ ತೆಗೆಯುವುದು. ಗಾಜಿನ ಮೇಲಿನ ಕೊಳೆಯೆಲ್ಲ ಅದರಲ್ಲಿ ಮೂಡುತ್ತದೆ. ನಕ್ಷತ್ರದ ಚಿತ್ರದಲ್ಲೂ ಅದೇ ಕೊಳೆ ಇರುತ್ತದಲ್ಲ, ಕಂಪ್ಯೂಟರ್ ಎರಡನ್ನೂ ತಾಳೆ ನೋಡಿ ಅಳಿಸಿಹಾಕುತ್ತದೆ. ಇಷ್ಟು ಸರಳ ವಿಷಯ ಊರಲ್ಲಿ ಒಬ್ಬರ ತಲೆಗೂ ಹೋಗಲಿಲ್ಲ.

೧. ಪಂಚೆ

ಮೊದಲ ಸಂಜೆ ಕಾಲೇಜಿನ ತಾರಸಿಯ ಮೇಲೆ ಕೊಳವೆಯನ್ನು ಪೂರ್ವಕ್ಕೆ ಬಾಗಿಸಿ, ಬಾಯಿಗೆ ನನ್ನ ಬಿಳಿ ಪಂಚೆ ಕಟ್ಟಿ, ಉಳಿದದ್ದನ್ನು ಅದರ ಮೈಮೇಲೆ ಇಳಿಬಿಟ್ಟೆ. ಬೆಳಕು ಹದಕ್ಕೆ ಬರಲೆಂದು ತಲೆ ತಗ್ಗಿಸಿ ಕಾಯುತ್ತಿದ್ದೆ. ಸಂತೆಮರಹಳ್ಳಿ ಬಸ್ಸಿಗೆ ಹೊರಟಿದ್ದ ಹಿರಿಯರೊಬ್ಬರು ರಸ್ತೆಯಿಂದ ನೋಡಿ ಮೆಟ್ಟಿಲು ಹತ್ತಿ ಬಂದರು. ಹೆಗಲ ಟವೆಲ್ಲು ಕೈಗೆ ತೆಗೆದುಕೊಂಡು ಕೊಳವೆಗೆ ಕೈಮುಗಿದು ನನ್ನ ಪಕ್ಕದಲ್ಲಿ ನಿಂತರು. ಆಮೇಲೆ ಮೆಲ್ಲಗೆ ಕೇಳಿದರು, "ಎಷ್ಟೊತ್ಗೆ ಎತ್ತದು ಮೇಷ್ಟ್ರೇ?"

೨. ಏನೂ ಇಲ್ಲದ ಫೋಟೋ

ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರು ಗುಂಡ್ಲುಪೇಟೆಯ ಅರಿಶಿನ ವ್ಯಾಪಾರಿ. ಅವರಿಗೆ ಹೆಮ್ಮೆಯಿಂದ ಹನ್ನೆರಡು ಫ್ಲ್ಯಾಟ್ ತೋರಿಸಿದೆ. ಎಲ್ಲವೂ ಬೂದಿ ಬಣ್ಣ. ಏನು ತೆಗೆದಿದ್ದೀರಿ ಎಂದರು. ಏನೂ ಇಲ್ಲ, ಅದೇ ಬೇಕಾಗಿದ್ದು ಎಂದೆ. ದೀಪಾವಳಿಯೊಳಗೆ ನೋಡುವಂಥ ಒಂದು ಚಿತ್ರ ಬರದಿದ್ದರೆ ಯಂತ್ರವನ್ನು ಸ್ಟೋರ್ ರೂಮಿಗೆ ಹಾಕಿ ಬೀಗ ಜಡಿಸುವುದಾಗಿ ಹೇಳಿದರು. ಹೊರಟವರು ಬಾಗಿಲಲ್ಲಿ ತಿರುಗಿ ನಿಂತು, "ಏನೂ ಇಲ್ದೇ ಇರದ್ನ ನೋಡಕೆ ಕ್ಯಾಮ್ರಾ ಯಾಕ್ರೀ? ಕಣ್ಮುಚ್ಕಂಡ್ರೆ ಸಾಕಲ್ಲ" ಎಂದರು.

೩. ಗೆರೆ

ಆಯುಧಪೂಜೆಯ ಸಂಜೆ ಫ್ಲ್ಯಾಟ್ ತೆಗೆದು, ಕತ್ತಲಾದ ಮೇಲೆ ಆಂಡ್ರೊಮಿಡಾ ಗೆಲಾಕ್ಸಿಯನ್ನು ಹಿಡಿದೆ. ಮರುದಿನ ಕಂಪ್ಯೂಟರಿನಲ್ಲಿ ನೋಡಿದರೆ ಎಲ್ಲದರ ಮೇಲೂ ಮೂರು ಅಡ್ಡ ಗೆರೆ. ಅಟೆಂಡರನ್ನು ಕರೆದೆ. ಪೂಜೆಯ ದಿನ ಕ್ಯಾಮೆರಾದ ಗಾಜಿಗೇ ವಿಭೂತಿ ಹಚ್ಚಿದ್ದ. "ಕಣ್ಣು ಚಿಕ್ದು ಸಾ, ಅದ್ಕೇ ಬೆಂಕಿಕಡ್ಡೀಲಿ ಎಳ್ದೆ" ಎಂದ.

ಬೈದು ಕಳಿಸಿದೆ. ಆದರೆ ಫ್ಲ್ಯಾಟ್‌ನಲ್ಲೂ ಅವೇ ಗೆರೆ ಇದ್ದವಲ್ಲ, ಕಂಪ್ಯೂಟರ್ ಅಳಿಸಿತು. ಗೆಲಾಕ್ಸಿ ತೊಳೆದಿಟ್ಟ ಹಾಗೆ ಬಂತು. ಫ್ಲ್ಯಾಟ್, ಗೆಲಾಕ್ಸಿ ಎರಡನ್ನೂ ಪ್ರಿಂಟ್ ಹಾಕಿಸಿ ಗುಂಡ್ಲುಪೇಟೆಗೆ ಹೋದೆ. ಇದು ಕೊಳೆ, ಇದು ಗೆಲಾಕ್ಸಿ ಎಂದು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಅಧ್ಯಕ್ಷರು ಚಪ್ಪಲಿ ಬಿಟ್ಟು ಎದ್ದು ನಿಂತಿದ್ದರು. ಫ್ಲ್ಯಾಟನ್ನು ಕಣ್ಣಿಗೊತ್ತಿಕೊಂಡು, ಆಕಾಶದಲ್ಲಿ ಇದು ಯಾವ ಕಡೆ ಕಾಣುತ್ತದೆ ಎಂದು ಕೇಳಿದರು. ಗೆಲಾಕ್ಸಿಯನ್ನು ಬೆರಳ ತುದಿಯಲ್ಲಿ ಪಕ್ಕಕ್ಕೆ ಸರಿಸಿ, "ಇದು ಮಬ್ಬುಮಬ್ಬಾಗಿ ಕೆಟ್ಟೋಗದೆ, ಬುಡಿ" ಎಂದರು.

ಕೊಳೆಯ ಚಿತ್ರ ಕಟ್ಟು ಹಾಕಿಸಿಕೊಂಡು ಕಾಲೇಜಿನ ಆಫೀಸಿನ ಗೋಡೆ ಏರಿತು, ದಿನಾ ಹೂವು ಬೇರೆ. ಯಂತ್ರ ಉಳಿಯಿತು, ತಿಂಗಳಿಗೊಂದು ಇಂಥದ್ದೇ ಚಿತ್ರ ಬರಬೇಕೆಂಬ ಷರತ್ತಿನ ಮೇಲೆ. ಮೂಢರು ಎಂದು ಊರನ್ನೆಲ್ಲ ಬೈದುಕೊಂಡು ವಾರ ಕಳೆದೆ.

ಮುಂದಿನ ತಿಂಗಳು ಅಟೆಂಡರನ್ನು ತಾರಸಿಗೆ ಕರೆದು, ಬೆಂಕಿಕಡ್ಡಿ ನಾನೇ ಕೊಟ್ಟೆ.