ಕನ್ನಡಿಯಂತೆ ಹೊಳೆದ ದೋಸೆ ಹಂಚು

ಎಲ್ಲರ ಮನೆ ದೋಸೆಯೂ ತೂತೇ ಎಂಬ ಗಾದೆಯನ್ನು ನಾನು ಬಹಳ ಗೌರವದಿಂದ ಕಾಣುತ್ತೇನೆ. ಬೇರೆಯವರ ಮನೆಯಲ್ಲಿ ತೂತುಗಳು ತಾವಾಗಿಯೇ ಬೀಳುತ್ತವೆ. ನಮ್ಮ ಮನೆಯಲ್ಲಿ ಅವನ್ನು ವಿಜ್ಞಾನದ ನೆರವಿನಿಂದ ಬೀಳಿಸಲಾಯಿತು. ಆ ವಿಜ್ಞಾನಿ ನಾನೇ. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಮುಂಬಯಿಯ ಪವಾಯಿಯಲ್ಲಿದ್ದ ಒಂದು ಪ್ರಯೋಗಾಲಯದಲ್ಲಿ ಲೋಹಗಳ ಮೇಲ್ಮೈ ಅಳೆಯುವುದು ನನ್ನ ಉದ್ಯೋಗವಾಗಿತ್ತು. ಕಣ್ಣಿಗೆ ನುಣ್ಣಗೆ ಕಾಣುವ ಉಕ್ಕಿನ ಮೇಲೆ ನಮ್ಮ ಯಂತ್ರದ ಸೂಜಿ ತೆವಳಿದರೆ ಕಾಗದದ ಮೇಲೆ ಖಂಡಾಳಾ ಘಾಟಿಯೇ ಮೂಡುತ್ತಿತ್ತು. ಆ ಗುಡ್ಡಗಳನ್ನು ತಿಕ್ಕಿ ತಿಕ್ಕಿ ಸಪಾಟು ಮಾಡುವುದಕ್ಕೇ ನನಗೆ ಸಂಬಳ. ದಿನವಿಡೀ ತಿಕ್ಕಿದ ಕೈ ಮನೆಗೆ ಬಂದರೂ ಸುಮ್ಮನಿರದು. ಘಾಟ್ಕೋಪರಿನ ನಮ್ಮ ಎರಡು ಕೋಣೆಯ ಮನೆಯಲ್ಲಿ ಬಾಗಿಲ ಚಿಲಕದಿಂದ ಹಿಡಿದು ಸ್ಟೋವಿನ ಹಿತ್ತಾಳೆ ಹೊಟ್ಟೆಯವರೆಗೆ ಎಲ್ಲವೂ ಫಳಫಳ. ಕಪ್ಪಗೆ ಉಳಿದದ್ದು ನನ್ನ ಹೆಂಡತಿ ಸುಶೀಲೆಯ ದೋಸೆ ಹಂಚು ಒಂದೇ.

ಆ ಹಂಚು ಧಾರವಾಡದ ನಮ್ಮ ಅತ್ತೆಯವರದು. ಹೊಸ ಕಬ್ಬಿಣದ ಮೇಲೆ ದೋಸೆ ಏಳುವುದಿಲ್ಲ; ವರ್ಷಗಟ್ಟಲೆ ಎಣ್ಣೆ ಕುಡಿಸಿ, ಸುಟ್ಟು, ಒರೆಸಿ ಅದನ್ನು ಪಳಗಿಸಬೇಕು. ಹಾಗೆ ಪಳಗಿಸಿದ ತಮ್ಮ ಹಂಚನ್ನು ಮಗಳು ಮುಂಬಯಿಗೆ ಹೊರಟಾಗ ಅವರು ಅವಳ ಟ್ರಂಕಿನಲ್ಲಿ ಇಟ್ಟುಬಿಟ್ಟಿದ್ದರು. ತಾವು ಪೇಟೆಯಿಂದ ಹೊಸದೊಂದು ತಂದುಕೊಂಡು ವರ್ಷವಿಡೀ ಹರಿದ ದೋಸೆಯನ್ನೇ ತಿಂದರಂತೆ. ಈ ಕತೆಯನ್ನು ಸುಶೀಲೆ ನನಗೆ ಎಷ್ಟೋ ಸಲ ಹೇಳಿದ್ದಳು. ನಾನೂ ಹೂಂಗುಟ್ಟಿದ್ದೆ. ಗಂಡಂದಿರ ಹೂಂಗುಟ್ಟುವಿಕೆಗೂ ಕಿವಿಗೂ ಸಂಬಂಧ ಕಡಿಮೆ ಎಂಬುದನ್ನು ಓದುಗರಲ್ಲಿ ವಿವಾಹಿತರಿಗೆ ವಿವರಿಸಬೇಕಾಗಿಲ್ಲ.

ಮಧ್ಯಾಹ್ನದ ಡಬ್ಬಿ ಬಿಚ್ಚುವಾಗ ನನಗೆ ಇಬ್ಬರು ಜೊತೆಗಾರರು. ಒಬ್ಬರು ಗಣಿತದ ಕುಲಕರ್ಣಿ, ಧಾರವಾಡದವರೇ. ಅವರ ಗಣಿತದಲ್ಲಿ ವಸ್ತುವನ್ನು ಎಷ್ಟು ಬೇಕಾದರೂ ಎಳೆಯಬಹುದು, ಹಿಸುಕಬಹುದು, ಹರಿಯುವಂತಿಲ್ಲ. ಕೊನೆಗೆ ಎಣಿಸುವುದು ತೂತು ಮಾತ್ರ. ಆ ಲೆಕ್ಕದಲ್ಲಿ ಸೂಜಿಯೂ ಕೋಡುಬಳೆಯೂ ಒಂದೇ. ಇನ್ನೊಬ್ಬರು ಭೌತಶಾಸ್ತ್ರದ ಅಯ್ಯರ್. ಮೇಲ್ಮೈಯ ಅಣುಗಳಿಗೆ ಒಂದು ಕಡೆ ನೆರೆಹೊರೆಯೇ ಇಲ್ಲ, ಪಾಪ, ಅದಕ್ಕೇ ಹತ್ತಿರ ಬಂದದ್ದನ್ನೆಲ್ಲ ತಬ್ಬಿಕೊಳ್ಳುತ್ತವೆ ಎಂದು ಅವರು ಮರುಗುತ್ತಿದ್ದರು. ಮೇಲ್ಮೈ ಎಂದರೆ ಏನು ಎಂಬ ನಮ್ಮ ಮೂವರ ಜಗಳ ಒಂದು ದಿನವೂ ಬಗೆಹರಿಯಲಿಲ್ಲ. ಕೊನೆಗೆ ನಾನು, "ಭಾನುವಾರ ನಮ್ಮ ಮನೆಗೆ ಬನ್ನಿ, ಸುಶೀಲೆಯ ದೋಸೆ ತಿಂದು ತೀರ್ಮಾನಿಸೋಣ" ಎಂದೆ.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ದೊಡ್ಡ ವಿದ್ವಾಂಸರು ಬರುವಾಗ ಒಲೆಯ ಮೇಲೆ ಆ ಮಸಿ ಹಂಚೇ? ಶನಿವಾರ ಸುಶೀಲೆ ತೆಂಗಿನಕಾಯಿಗೆಂದು ದಾದರಿಗೆ ಹೋದ ಸಮಯ ನೋಡಿ ಹಂಚನ್ನು ಚೀಲಕ್ಕೆ ಹಾಕಿಕೊಂಡು ಪ್ರಯೋಗಾಲಯಕ್ಕೆ ಒಯ್ದೆ. ಎಮರಿ ಕಾಗದ ಹಚ್ಚಿ, ತಿರುಗುವ ಗಾಲಿಗೆ ಕೊಟ್ಟು, ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳುವಷ್ಟು ನುಣುಪು ತಂದೆ. ಸೂಜಿ ಓಡಿಸಿದರೆ ಗುಡ್ಡವೇ ಇಲ್ಲ! ಹೆಮ್ಮೆಯಿಂದ ತಂದು ಕಟ್ಟೆಯ ಮೇಲಿಟ್ಟೆ.

"ಇದು ಯಾರದ್ರೀ?" ಎಂದಳು ಸುಶೀಲೆ.

"ನಿಂದ."

"ನಮ್ಮ ಅವ್ವನ ಹಂಚು ಎಲ್ಲದ?"

ಇದೇ ಅದು ಎಂದೆ. ಅವಳು ಬೈಯಲಿಲ್ಲ. ಹಂಚಿನ ಮೇಲೆ ಒಮ್ಮೆ ಕೈಯಾಡಿಸಿ ಒಳಗೆ ಹೋದಳು. ಬೈದಿದ್ದರೆ ಆ ರಾತ್ರಿ ನನಗೆ ನಿದ್ದೆಯಾದರೂ ಬರುತ್ತಿತ್ತು.

ಭಾನುವಾರ ಅತಿಥಿಗಳು ಬಂದು ಕುಳಿತರು. ಮೊದಲ ದೋಸೆ ಹಂಚಿಗೆ ಕಚ್ಚಿಕೊಂಡಿತು. ಎರಡನೆಯದು ತುಂಡು ತುಂಡಾಗಿ ಎದ್ದಿತು. ಮೂರನೆಯದು ಹೇಗೋ ತಟ್ಟೆಯವರೆಗೆ ಬಂತು. ಕುಲಕರ್ಣಿಯವರು ಅದನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, "ನಮ್ಮ ಗಣಿತದಾಗ ಇದು ದ್ವಾಸಿ ಅಲ್ಲರೀ. ತೂತು ಭಾಳ ಅದಾವ" ಎಂದರು. ಅಯ್ಯರ್ ಹಂಚಿನ ಕಡೆ ಬಗ್ಗಿ, "ಇವರು ಅಣುಗಳ ಮೈಮೇಲಿನ ಹೊದಿಕೆಯನ್ನೇ ಕಿತ್ತಿದ್ದಾರೆ. ಪಾಪ, ಅವು ದೋಸೆಯನ್ನು ತಬ್ಬಿಕೊಂಡಿವೆ" ಎಂದರು. ಜೀವನದಲ್ಲಿ ಮೊದಲ ಬಾರಿಗೆ ಮೂರೂ ಶಾಸ್ತ್ರಗಳು ಒಮ್ಮತಕ್ಕೆ ಬಂದವು: ತಪ್ಪು ನನ್ನದು. ಸ್ಟೋವಿನ ಮುಂದೆ ಸುಶೀಲೆಯ ಮುಖ ಕೆಂಪಾಗಿತ್ತು, ಕಣ್ಣು ತುಂಬಿತ್ತು. ಅವಳ ಕೈಯಡುಗೆಯ ಮೇಲೆ ಅದುವರೆಗೆ ಯಾರೂ ಒಂದು ಮಾತು ಆಡಿದ್ದಿಲ್ಲ.

ಆಗ ಪಕ್ಕದ ಮನೆಯ ಮಾಲತಿಬಾಯಿ ಬಾಗಿಲಲ್ಲಿ ಕಾಣಿಸಿದರು. ಕಮಟು ವಾಸನೆ ಅವರ ಮನೆಗೂ ಹೋಗಿರಬೇಕು. ನಮ್ಮ ಬಿಲ್ಡಿಂಗಿನ ಹೆಂಗಸರು ಸಕ್ಕರೆ ಕೊಡುತ್ತಾರೆ, ಹೆಪ್ಪಿಗೆ ಮೊಸರು ಕೊಡುತ್ತಾರೆ, ಮದುವೆಗೆ ಹೊರಟವರಿಗೆ ಜರಿ ಸೀರೆ ಬೇಕಾದರೂ ಕೊಡುತ್ತಾರೆ. ಪಳಗಿದ ಹಂಚನ್ನು ಮಾತ್ರ ಯಾರೂ ಹೊಸ್ತಿಲು ದಾಟಿಸುವುದಿಲ್ಲ. ಮಾಲತಿಬಾಯಿ ಒಳಗೊಮ್ಮೆ ನೋಡಿದವರೇ ಹಿಂದಿರುಗಿ ಹೋಗಿ, ಘಾವನವೆಂಬ ಮರಾಠಿ ಅಕ್ಕಿದೋಸೆ ಮಾಡುವ ತಮ್ಮ ಕಪ್ಪು ತವಾ ತಂದು, "ಹಾ ಘೇ ಗ, ಸುಶೀಲಾ" ಎಂದು ಅವಳ ಕೈಗಿಟ್ಟರು. ಮುಂದಿನ ದೋಸೆ ಗಾಳಿ ಊದಿದರೆ ಹಾರುವ ಹಾಗೆ ಎದ್ದಿತು. ಆ ತಾಯಿಗೆ ನಾನು ಇಂದಿಗೂ ಋಣಿ. ಊರು ಬಿಟ್ಟು ಬಂದ ನಮಗೂ ಒಂದು ಕಡೆ ನಮ್ಮವರು ಇರಲಿಲ್ಲವಲ್ಲ. ಅಯ್ಯರ್ ಅಣುಗಳಿಗಾಗಿ ಮರುಗುತ್ತಿದ್ದುದು ಅಂದು ನನಗೆ ಅರ್ಥವಾಯಿತು.

ಕುಲಕರ್ಣಿಯವರು ರಜೆಯಲ್ಲಿ ಊರಿಗೆ ಹೋದವರು ಬಾಯಿ ಮುಚ್ಚಿಕೊಂಡು ಇರಲಿಲ್ಲ. ಧಾರವಾಡವೆಲ್ಲ ನಕ್ಕ ಮೇಲೆ ಸುದ್ದಿ ಅತ್ತೆಯವರಿಗೆ ಮುಟ್ಟಿತು. ದಸರೆಗೆ ಅವರು ಬಂದಾಗ ಕಂಕುಳಲ್ಲಿ ಹಳೆ ಸೀರೆಯ ಗಂಟು. ಬಿಚ್ಚಿದರೆ ಕಪ್ಪು ಹಂಚು! ಮಗಳನ್ನು ಕಳಿಸಿದ ಮೇಲೆ ಹೊಸದಾಗಿ ತಂದು, ಇಷ್ಟು ವರ್ಷ ಪಳಗಿಸಿದ್ದ ಹಂಚು ಅದು. ಅದನ್ನು ಮಗಳ ಒಲೆಯ ಮೇಲಿಟ್ಟು, ನನ್ನ ಕನ್ನಡಿಯನ್ನು ಅದೇ ಸೀರೆಯಲ್ಲಿ ಸುತ್ತಿಕೊಂಡರು. ಹಬ್ಬ ಮುಗಿದು ದಾದರ್ ಸ್ಟೇಷನ್ನಿನಲ್ಲಿ ರೈಲು ಹತ್ತಿಸುವಾಗ ಆ ಗಂಟನ್ನು ನಾನೇ ಎತ್ತಿ ಅವರ ಪಕ್ಕದಲ್ಲಿಟ್ಟೆ. ಅವರು, "ಮನಸಿಗೆ ಹಚ್ಕೋಬ್ಯಾಡ್ರಿ. ಪಳಗಿಸಿದ ಕೈ ಅದ, ಮತ್ತ ಪಳಗಸ್ತದ" ಎಂದರು. ಆಮೇಲೆ ಮಗಳ ಕಡೆ ತಿರುಗಿ, "ಹಂಚು ನಾ ನೋಡ್ಕೋತೀನಿ, ಇವರನ್ನ ನೀ ನೋಡ್ಕೋ" ಎಂದರು. ರೈಲು ಹೊರಟಿತು. ನಮಗಾಗಿ ಎರಡನೆಯ ಸಲ ಹರಿದ ದೋಸೆ ತಿನ್ನಲು ಅವರು ಊರಿಗೆ ಹೊರಟಿದ್ದರು.

ಲೋಹಗಳ ಮೇಲ್ಮೈ ವಿಷಯದಲ್ಲಿ ಈಗ ನಾಲ್ಕು ಜನ ನನ್ನ ಅಭಿಪ್ರಾಯ ಕೇಳುತ್ತಾರೆ. ನಾನು ಮಾತ್ರ ಮನೆಯಲ್ಲಿ ಚಹಾದ ಲೋಟ ತೊಳೆಯುವ ಮುಂಚೆ ಸುಶೀಲೆಯ ಅಪ್ಪಣೆ ಕೇಳುತ್ತೇನೆ. "ತೊಳೀರಿ," ಎನ್ನುತ್ತಾಳೆ ಅವಳು, "ತಿಕ್ಕಬ್ಯಾಡ್ರಿ."